ವಾಲಿಯ ಪಕ್ಷ ಹಿಡಿದ ಕ್ಯಾಮರಾ

ನಮ್ಮ ಕಡೆ ಯಾರ ಮನೆಯಲ್ಲಾದರೂ ಹಳೆ ಸುದ್ದಿ ಎದ್ದರೆ ಸ್ವಲ್ಪ ಹೊತ್ತಿಗೆ ನನಗೊಂದು ಫೋನ್ ಬರುತ್ತದೆ. "ನಮ್ಮ ಮನೆ ಒಕ್ಕಲಿನ ವಿಡಿಯೋ ನಿನ್ನ ಹತ್ರ ಉಂಟಲ್ವಾ? ಒಮ್ಮೆ ವಾಟ್ಸಾಪ್ ಮಾಡು ಮಾರಾಯ." ಉಂಟು. ಆದರೆ ಅದು ಕಪಾಟಿನಲ್ಲಿ ಇರುವುದಕ್ಕೂ ಅವರ ಫೋನಿಗೆ ಮುಟ್ಟುವುದಕ್ಕೂ ನಡುವೆ ಎಷ್ಟು ಕೆಲಸ ಇದೆ ಅಂತ ಹೇಳಲು ಹೋದರೆ ಅವರಿಗೂ ಬೇಜಾರು, ನನಗೂ ಸುಸ್ತು. "ಕ್ಯಾಸೆಟ್ ಇದ್ರೆ ಕೊಡು, ನಾವೇ ಮಾಡಿಸ್ತೇವೆ" ಅನ್ನುತ್ತಾರೆ. ಕೊಡಬಹುದು. ಆದರೆ ಹಾಕಿ ನೋಡುವುದು ಎಲ್ಲಿ? ಆ ಕಾಲದಲ್ಲಿ ಮನೆ ಮನೆಗೆ ವಿಸಿಆರ್ ಇತ್ತು, ವಿಸಿಡಿ ಪ್ಲೇಯರ್ ಇತ್ತು. ನನ್ನ ಕ್ಯಾಮರಾದ ಚಿಕ್ಕ ಡಿಜಿಟಲ್ ಟೇಪು, ಮಿನಿ ಡಿವಿ ಕ್ಯಾಸೆಟ್, ಓಡಿಸುವ ಪ್ಲೇಯರ್ ಮಾತ್ರ ನಮ್ಮ ಊರಿನ ಒಂದು ಮನೆಯಲ್ಲೂ ಇರಲಿಲ್ಲ. ತೆಗೆದ ಕ್ಯಾಮರಾದಲ್ಲಿಯೇ ಹಾಕಿ, ಅದರ ಮೂರು ಬಣ್ಣದ ವಯರನ್ನು ಟಿವಿಗೆ ಚುಚ್ಚಿ ನೋಡಬೇಕು. ವಿಡಿಯೋ ತೆಗೆಯಲಿಕ್ಕೆ ಅಂತ ಒಂದು ಯಂತ್ರ ಕೊಂಡೆ. ತೆಗೆಯುವುದು ನಿಂತು ಎಷ್ಟೋ ವರ್ಷ ಆಯ್ತು. ತೋರಿಸುವುದಕ್ಕೆ ಮಾತ್ರ ಅದು ಇನ್ನೂ ಬೇಕು, ಮತ್ತು ಅದೊಂದೇ ಬೇಕು. ಇದನ್ನೇ ಸ್ವಲ್ಪ ಸಮಯದಿಂದ ಯೋಚನೆ ಮಾಡುತ್ತಿದ್ದೇನೆ.

ಭಾವ ತಂದ ಹ್ಯಾಂಡಿಕ್ಯಾಮ್

ಕ್ಯಾಮರಾ ಬಂದದ್ದು 2004ರಲ್ಲಿ, ದುಬೈಯಿಂದ, ಅಕ್ಕನ ಗಂಡ ರಜೆಗೆ ಬರುವಾಗ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. ಟೇಪ್ ರೆಕಾರ್ಡರಿನಿಂದ ಟಾರ್ಚಿನವರೆಗೆ ನಮ್ಮ ಮನೆಗಳ ಅರ್ಧ ಸಾಮಾನು ಹಾಗೆಯೇ ಬಂದದ್ದು. ಯಾವ ಕಂಪೆನಿಯದಾದರೂ ನಾವು ಕರೆಯುವುದು ಹ್ಯಾಂಡಿಕ್ಯಾಮ್ ಅಂತಲೇ. ಸೋನಿಯವರು ಆ ಹೆಸರು ಇಟ್ಟದ್ದು 1985ರಲ್ಲಿ, ಆಮೇಲೆ ಅದು ಎಲ್ಲರ ಕ್ಯಾಮರಾದ ಹೆಸರಾಯಿತು. ನನ್ನದು ಯಾವ ಕಂಪೆನಿಯದು ಅಂತ ಹೇಳುವುದಿಲ್ಲ. ಮುಂದೆ ಅದನ್ನು ಸ್ವಲ್ಪ ಬೈಯುವುದು ಉಂಟು.

ಯಾವ ಥರದ್ದು ಬೇಕು ಅಂತ ಭಾವ ಫೋನಿನಲ್ಲಿ ಕೇಳಿದ್ದರು. ಆಗ ಅಂಗಡಿಯಲ್ಲಿ ಮೂರು ನಾಲ್ಕು ಜಾತಿ ಇದ್ದವು. ಹಳೆಯ ಹೈ-8 ಇತ್ತು. ಅದೇ ಕ್ಯಾಸೆಟ್ಟಿನಲ್ಲಿ ಡಿಜಿಟಲ್ ಆಗಿ ಬರೆಯುವ ಡಿಜಿಟಲ್-8 ಇತ್ತು. ಮಿನಿ ಡಿವಿ ಇತ್ತು. ಮತ್ತೆ ಹೊಸದಾಗಿ, ಚಿಕ್ಕ ಡಿವಿಡಿಗೇ ನೇರ ಬರೆಯುವ ಕ್ಯಾಮರಾ. ಭಾವನ ಮನಸ್ಸು ಡಿವಿಡಿಯ ಕಡೆಗೆ. "ತೆಗೆದ ಕೂಡಲೆ ಪ್ಲೇಯರಿಗೆ ಹಾಕ್ಲಿಕ್ಕೆ ಆಗ್ತದೆ, ನಿನಗೆ ಯಾಕೆ ಟೇಪಿನ ತಲೆನೋವು" ಅಂದರು. ಮಾತಿನಲ್ಲಿ ನ್ಯಾಯ ಇತ್ತು. ಆದರೆ ಆ 8 ಸೆಂಟಿಮೀಟರಿನ ತಟ್ಟೆಯಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ಹಿಡಿಯುತ್ತಿದ್ದದ್ದು 20 ನಿಮಿಷ. ನಮ್ಮ ಊರಿನಲ್ಲಿ ಒಬ್ಬರ ಸ್ವಾಗತ ಭಾಷಣ ಮುಗಿಯಲಿಕ್ಕೆ ಅಷ್ಟು ಸಾಲದು. ಕ್ಯಾಮರಾದಲ್ಲೇ ಅದನ್ನು ಫೈನಲೈಸ್ ಮಾಡದಿದ್ದರೆ, ಅಂದರೆ ಬರೆದು ಮುಗಿಯಿತು ಅಂತ ಮುಚ್ಚದಿದ್ದರೆ, ಬೇರೆ ಪ್ಲೇಯರಿನಲ್ಲಿ ಓಡುವುದೂ ಇಲ್ಲ. ಟೇಪು ಹಾಗಲ್ಲ, 60 ನಿಮಿಷ ಬರುತ್ತದೆ, ಸೆಕೆಂಡಿಗೆ 25 ಮೆಗಾಬಿಟ್ ಲೆಕ್ಕದಲ್ಲಿ ಚಿತ್ರ ಕೂರುತ್ತದೆ. ಪೇಟೆಯ ಸ್ಟುಡಿಯೋದವನು ಕೂಡ ಮಿನಿ ಡಿವಿಯೇ ಆಗಬೇಕು ಅಂದಿದ್ದ. ಕಂಪ್ಯೂಟರಿಗೆ ಒಂದು ಚೂರೂ ಕಳೆದುಕೊಳ್ಳದೆ ಇಳಿಸಬಹುದು, ಕತ್ತರಿಸಿ ಜೋಡಿಸಬಹುದು ಅಂತ. ಆ ಆಯ್ಕೆ ಸರಿ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಆ ಕಾಲದ ಚಿಕ್ಕ ಡಿವಿಡಿಗಳು ಇವತ್ತು ಏನಾಗಿವೆ ಅಂತ ಇಟ್ಟುಕೊಂಡವರನ್ನು ಕೇಳಿ ನೋಡಿ.

ಬೆಲೆ ಒಂದೂವರೆ ಸಾವಿರ ದಿರ್ಹಮಿನ ಆಸುಪಾಸು. ದಿರ್ಹಮಿಗೆ ಆಗ 12 ರೂಪಾಯಿ ಚಿಲ್ಲರೆ. ಹಳೆ ಅಡಿಕೆ ಕೊಟ್ಟು ಬಂದ ದುಡ್ಡಿನಿಂದ ಭಾವನ ಲೆಕ್ಕ ಚುಕ್ತ ಮಾಡಿದೆ. ಅಮ್ಮನಿಗೆ ಆ ದುಡ್ಡಿನಲ್ಲಿ ಹಟ್ಟಿಯ ಮಾಡು ಆಗಬೇಕಿತ್ತು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ, ಹಾಗಾಗಿ ಭಾವ ಕರಿಪುರದಲ್ಲಿ ಇಳಿದು, ಕೋಝಿಕ್ಕೋಡಿನಲ್ಲಿ ರೈಲು ಹತ್ತಿ, ಕ್ಯಾಮರಾವನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು. ಜೊತೆಗೆ ಒಂದು ಪುಸ್ತಕ, ಅರ್ಧ ಇಂಗ್ಲಿಷು, ಅರ್ಧ ಅರಬಿ. ಅರಬಿ ಭಾಗದಲ್ಲಿ ಏನಾದರೂ ಜಾಸ್ತಿ ಬರೆದಿದ್ದಾರಾ ಅಂತ ಪಕ್ಕದ ಮನೆಯ ಇಚ್ಚ ಓದಿ ನೋಡಿದರು. ಅವರು ಸೌದಿಯಲ್ಲಿ ಇದ್ದವರು. "ಒಂದೇ. ಅಲ್ಲಿ ಕೂಡ ಒದ್ದೆ ಮಾಡ್ಬೇಡಿ ಅಂತಲೇ ಉಂಟು" ಅಂದರು.

ಮೊದಲ ಸಂಜೆ ಅಂಗಳದಲ್ಲಿ ತೆಗೆದದ್ದನ್ನು ಟಿವಿಯಲ್ಲಿ ಹಾಕಿದಾಗ ಒಂದು ವಿಚಿತ್ರ ಗಮನಿಸಿದೆ. ಮುಖ ಚೆಂದ ಬಂದಿಲ್ಲ ಅಂತ ಯಾರೂ ಹೇಳಲಿಲ್ಲ. ಎಲ್ಲರಿಗೂ ತಕರಾರು ಸ್ವರದ್ದು. "ನನ್ನ ಸ್ವರ ಹೀಗಾ?" ಅಂತ ಅಮ್ಮ ಎರಡೆರಡು ಸಲ ಕೇಳಿದರು. ಕನ್ನಡಿಯಲ್ಲಿ ಮುಖ ನೋಡಿ ಅಭ್ಯಾಸ ಇರುತ್ತದೆ, ಸ್ವರ ನೋಡಿಕೊಳ್ಳಲಿಕ್ಕೆ ಕನ್ನಡಿ ಇಲ್ಲವಲ್ಲ. ಸುಮ್ನೆ ನಗೆಯ ವಿಷಯ ಅಂತ ಆಗ ಬಿಟ್ಟೆ. ಈಗ ಜನ ನನ್ನಲ್ಲಿ ಕೇಳುವುದೂ ಹೆಚ್ಚಾಗಿ ಸ್ವರವನ್ನೇ. "ಅಜ್ಜ ಮಾತಾಡುವುದು ಎಲ್ಲಾದರೂ ಉಂಟಾ?" ಅಂತ. ಫೋಟೋ ಅವರ ಹತ್ತಿರವೇ ಇರುತ್ತದೆ.

ಕೊನೆಯ ಪಂಕ್ತಿ

ಕ್ಯಾಮರಾ ಬಂದ ಸುದ್ದಿ ಹಬ್ಬಲಿಕ್ಕೆ ಎಷ್ಟು ಹೊತ್ತು? ಒಕ್ಕಲು, ಉಪನಯನ, ಸತ್ಯನಾರಾಯಣ ಪೂಜೆ, ಶಾಲೆಯ ವಾರ್ಷಿಕೋತ್ಸವ, ಕೊನೆಗೆ ದನ ಕರು ಹಾಕಿದರೂ ಒಂದು ಕರೆ. ಆಮಂತ್ರಣದ ಜೊತೆಗೇ "ಬರುವಾಗ ಕ್ಯಾಮರಾ ತಾ" ಅಂತ ಸೇರಿರುತ್ತಿತ್ತು. ಮದುವೆಗೆ ಮಾತ್ರ ಸ್ಟುಡಿಯೋದವರೇ, ಹೆಗಲ ಮೇಲಿನ ದೊಡ್ಡ ಕ್ಯಾಮರಾ, ಹಿಂದಿನಿಂದ ಲೈಟ್ ಹಿಡಿಯುವ ಹುಡುಗ, ಬೆವರು. ಅವರಿಗೆ ದುಡ್ಡು ಸಿಗುತ್ತಿತ್ತು, ಊಟವೂ ಮೊದಲ ಪಂಕ್ತಿಯಲ್ಲಿ ಆಗುತ್ತಿತ್ತು. ನನಗೆ ಕೊನೆಯ ಪಂಕ್ತಿ. ಬಡಿಸುವವರ ಜೊತೆ ಕೂತು ತಣಿದ ಸಾರು ಉಣ್ಣುವುದು. ಆದರೆ ಅಲ್ಲಿಯೇ ಒಳ್ಳೆಯ ಮಾತು ಕೇಳಲಿಕ್ಕೆ ಸಿಗುತ್ತದೆ ಅನ್ನುವುದು ಬೇರೆ ವಿಷಯ.

ಕ್ಯಾಸೆಟ್ ಒಂದಕ್ಕೆ ನೂರೈವತ್ತು ರೂಪಾಯಿಯ ಹತ್ತಿರ. ಕೆಲವರು ಕೊಡುತ್ತಿದ್ದರು, ಕೆಲವರಿಗೆ ನೆನಪಾಗುತ್ತಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಸಿಡಿ. "ಸಿಡಿ ಮಾಡಿ ಕೊಡು." ಅಂದರೆ ವಿಸಿಡಿ. ಅದರ ಲೆಕ್ಕ ಹೀಗೆ. ನನ್ನ ಟೇಪಿನಲ್ಲಿ ಒಂದು ಚಿತ್ರಕ್ಕೆ 720 ಗುಣಿಸು 576 ಚುಕ್ಕೆ. ವಿಸಿಡಿಯಲ್ಲಿ 352 ಗುಣಿಸು 288, ಅಂದರೆ ನಾಲ್ಕನೇ ಒಂದು ಪಾಲು. ಬರೆಯುವ ವೇಗದಲ್ಲಂತೂ ಇಪ್ಪತ್ತು ಪಾಲಿಗಿಂತ ಜಾಸ್ತಿ ಕಡಿತ. ಹೋಮದ ಹೊಗೆ ಎದ್ದರೆ ವಿಸಿಡಿಯಲ್ಲಿ ಪುರೋಹಿತರ ತಲೆ ಚೌಕ ಚೌಕವಾಗಿ ಕಾಣುತ್ತಿತ್ತು. ಅದನ್ನು ಮನೆಯವರು ಸಂತೋಷದಿಂದ ನೋಡಿದರು, ನೆಂಟರಿಗೆ ತೋರಿಸಿದರು, ಗೀರು ಬಿದ್ದು ನಿಂತ ಮೇಲೆ ಹೂವಿನ ತೋಟಕ್ಕೆ ಹಕ್ಕಿ ಬಾರದ ಹಾಗೆ ತೂಗು ಹಾಕಿದರು. ಸಿಡಿಯೇ ಮೂಲ ಅಂತ ಅವರು ತಿಳಿದಿದ್ದರು. ಮೂಲ ನನ್ನ ಕಪಾಟಿನಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಹೀಗೆ ಯಾವ ಮಾತುಕತೆಯೂ ಇಲ್ಲದೆ, ಯಾರ್ಯಾರದೋ ಮನೆಯ ಅಜ್ಜ ಅಜ್ಜಿಯರೆಲ್ಲ ನಮ್ಮ ಮನೆಯಲ್ಲಿ ಬಂದು ಕೂತರು.

ಹಾಗಾದರೆ ಆಗಲೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಬಹುದಿತ್ತಲ್ಲ ಅಂತ ಈಗಿನ ಮಕ್ಕಳು ಕೇಳುತ್ತಾರೆ. ಒಂದು ಗಂಟೆಯ ಟೇಪಿಗೆ 13 ಜಿಬಿ ಬೇಕು. ನಮ್ಮ ಕಂಪ್ಯೂಟರಿನಲ್ಲಿ ಇದ್ದದ್ದು 40 ಜಿಬಿ. ಮೂರು ಟೇಪು ಇಳಿಸಿದರೆ ವಿಂಡೋಸಿಗೆ ಉಸಿರಾಡಲಿಕ್ಕೆ ಜಾಗ ಇಲ್ಲ. ಡಿಸ್ಕು ಫ್ಯಾಟ್-32 ಅನ್ನುವ ಹಳೆ ಕ್ರಮದ್ದಾಗಿದ್ದರೆ ಒಂದು ಫೈಲು 4 ಜಿಬಿ ದಾಟುವುದಿಲ್ಲ, ಹತ್ತೊಂಬತ್ತು ನಿಮಿಷ ಆಗುವ ಮೊದಲೇ ತುಂಡಾಗುತ್ತದೆ. ಇಳಿಸಿ, ವಿಸಿಡಿ ಮಾಡಿ, ಅಳಿಸಿ, ಮುಂದಿನದ್ದು. ಟೇಪೇ ಶಾಶ್ವತ, ಕಂಪ್ಯೂಟರು ಬರೀ ದಾರಿ ಅಂತ ಆಗ ಎಲ್ಲರೂ ನಂಬಿದ್ದೆವು. ಸ್ಟುಡಿಯೋದವರೂ.

ಆಟಿಯ ಕೂಟ

ಇನ್ನು ವಾಲಿಯ ವಿಷಯ. ಮಳೆಗಾಲದ ಮೊದಲು ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ಕೂಟದ, ಅಂದರೆ ತಾಳಮದ್ದಳೆಯ ಕಾಲ. ಹೊರಗೆ ಜಡಿಮಳೆ, ಒಳಗೆ ಭಾಗವತರು, ಮದ್ದಳೆ, ಮತ್ತೆ ಎರಡು ಕಡೆ ಕೂತು ಪಾತ್ರಗಳ ಮಾತು ಹೇಳುವ ಅರ್ಥಧಾರಿಗಳು. ತಾಳಮದ್ದಳೆಗೆ ವಿಡಿಯೋ ಯಾಕೆ ಅಂತ ಆಗಲೂ ಕೇಳಿದವರಿದ್ದರು. ವೇಷ ಇಲ್ಲ, ಕುಣಿತ ಇಲ್ಲ, ಬಿಳಿ ಪಂಚೆ ಉಟ್ಟವರು ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ, ಅಷ್ಟೆ. ಹೆಸರಾಂತ ಅರ್ಥಧಾರಿ ಶೇಣಿಯವರ ಅರ್ಥವನ್ನು ಆಡಿಯೋ ಕ್ಯಾಸೆಟ್ಟಿನಲ್ಲೇ ಕೇಳಿ ಬೆಳೆದ ಊರು ಇದು, ಚಿತ್ರ ಇಲ್ಲ ಅಂತ ಯಾರೂ ಕೊರಗಿದ್ದಿಲ್ಲ. ಆದರೂ ನನಗೆ ಆಸೆ. ಎದುರಾಳಿ ಮಾತಾಡುವಾಗ ಇವನ ಮುಖ ಹೇಗಿರುತ್ತದೆ ಅನ್ನುವುದು ಆಡಿಯೋದಲ್ಲಿ ಬರುವುದಿಲ್ಲ. ಉತ್ತರ ಸಿಗುವ ಮೊದಲು ಒಬ್ಬ ಅರ್ಥಧಾರಿ ಶಾಲನ್ನು ಒಮ್ಮೆ ಸರಿಮಾಡಿಕೊಳ್ಳುತ್ತಾನೆ, ಎಲೆಯಡಿಕೆಯ ತಟ್ಟೆ ಕಡೆ ಕೈ ಹೋಗಿ ಹಿಂದೆ ಬರುತ್ತದೆ. ಅದೆಲ್ಲ ಅರ್ಥಗಾರಿಕೆಯ ಭಾಗವೇ.

ರಾಮಾಯಣವನ್ನು ಯಕ್ಷಗಾನ ಪ್ರಸಂಗ ಮಾಡಿದ ಪಾರ್ತಿಸುಬ್ಬನ ಕುಂಬಳೆ ನಮಗೆ ದೂರ ಅಲ್ಲ. ರಾಮಾಯಣದ ಪ್ರಸಂಗ ಅಂದರೆ ನಮ್ಮವರಿಗೆ ಮನೆಯ ಸುದ್ದಿ. ಆ ದಿನ ವಾಲಿಯ ಕಥೆ. ಒಂದು ಮನೆಯ ದೊಡ್ಡ ಚಾವಡಿಯಲ್ಲಿ ಜಾಗ ಮಾಡಿದ್ದರು. ನಾನು ಕ್ಯಾಮರಾ ತೆಗೆದು ಒತ್ತಿದರೆ ಪರದೆಯಲ್ಲಿ ಹನಿಯ ಗುರುತು ಮಿಣಕುತ್ತಿದೆ. ಒಳಗೆ ತೇವ ಕೂತಿದೆ ಅಂತ ಅರ್ಥ. ಟೇಪಿಗೆ ಬರೆಯುವ, ಅದರಿಂದ ಓದುವ ಹೆಡ್ಡಿನ ಉರುಳೆ ನಿಮಿಷಕ್ಕೆ 9000 ಸುತ್ತು ತಿರುಗುವಂಥದ್ದು. ಅದರ ಮೈಮೇಲೆ ತೇವ ಇದ್ದರೆ ಟೇಪು ಅಂಟಿಕೊಂಡು ಹರಿದುಹೋಗುತ್ತದೆ, ಅದಕ್ಕೇ ಯಂತ್ರ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಪುಸ್ತಕದಲ್ಲಿ ಇದಕ್ಕೆ ಕಾರಣಗಳ ಪಟ್ಟಿ ಉಂಟು. ದೊಡ್ಡ ಮಳೆ ಬಂದು ಹೋದ ಮೇಲೆ ಕ್ಯಾಮರಾ ಉಪಯೋಗಿಸಿದರೆ, ಸೆಕೆ ಮತ್ತು ತೇವ ಇರುವ ಜಾಗದಲ್ಲಿ ಉಪಯೋಗಿಸಿದರೆ, ಹೀಗೆ. ಇದು ಕಾರಣಗಳ ಪಟ್ಟಿಯೋ ಕಾಸರಗೋಡಿನ ಜುಲೈ ತಿಂಗಳ ವರ್ಣನೆಯೋ! ಕ್ಯಾಸೆಟ್ ತೆಗೆದು, ಮುಚ್ಚಳ ತೆರೆದು, ಒಂದು ಗಂಟೆ ಬಿಡಿ ಅಂತ ಪರಿಹಾರ. ಅಡುಗೆಮನೆಯ ಒಲೆಯ ಹತ್ತಿರ ಇಡಿ ಅಂತ ಮನೆಯ ಅತ್ತೆ ಹೇಳಿದರು. ಒಲೆಯಿಂದ ಸ್ವಲ್ಪ ದೂರದಲ್ಲಿ, ಹಪ್ಪಳದ ಡಬ್ಬದ ಮೇಲೆ, ಬಾಯಿ ತೆರೆದು ಕೂತ ಕ್ಯಾಮರಾ ನೋಡಲಿಕ್ಕೆ ಮಕ್ಕಳೆಲ್ಲ ಅಲ್ಲಿ ಸೇರಿದರು. ಅಷ್ಟರಲ್ಲಿ ಸುಗ್ರೀವನ ಅಳು ಮುಗಿದಿತ್ತು. ದೊಡ್ಡ ನಷ್ಟ ಆಗಲಿಲ್ಲ.

ಕೂಟದವರು ಮಾತಿಗೆ ಕೂತರೆ ಗಡಿಯಾರ ನೋಡುವವರಲ್ಲ. ಅದಕ್ಕಾಗಿ ಆ ದಿನ ಟೇಪನ್ನು ನಿಧಾನ ಓಡಿಸುವ ಎಲ್‌ಪಿ ಮೋಡ್ ಹಾಕಿದ್ದೆ. ಅದರಲ್ಲಿ 60 ನಿಮಿಷದ ಟೇಪು 90 ನಿಮಿಷ ಬರುತ್ತದೆ, ಚಿತ್ರದ ಗುಣಮಟ್ಟ ಏನೂ ಇಳಿಯುವುದಿಲ್ಲ. ಟೇಪು ಬದಲಿಸಲಿಕ್ಕೂ ಒಂದು ಉಪಾಯ ಇದೆ, ಕೂಟ ತೆಗೆದವರಿಗೆಲ್ಲ ಗೊತ್ತಿರುವಂಥದ್ದು. ಭಾಗವತರು ಪದ್ಯ ಎತ್ತುವಾಗ ಬದಲಿಸುವುದು. ಪದ್ಯ ಹೇಗೂ ಗೊತ್ತಿರುವುದೇ, ಸ್ವಲ್ಪ ಹೋದರೂ ಪರವಾಗಿಲ್ಲ. ಪರದೆಯ ಮೂಲೆಯಲ್ಲಿ ಉಳಿದ ನಿಮಿಷ ಕಾಣುತ್ತದೆ. ಹತ್ತು ಅಂತ ತೋರಿಸುವಾಗ ವಾಲಿ ಬಾಣ ತಾಗಿ ಬಿದ್ದಿದ್ದಾನೆ, ರಾಮನನ್ನು ಕೇಳಲು ಶುರುಮಾಡಿದ್ದಾನೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಿನ್ನ ಹೆಂಡತಿಯನ್ನು ಹುಡುಕುವುದೇ ಕೆಲಸವಾದರೆ ನನ್ನ ಹತ್ತಿರ ಬರಬಹುದಿತ್ತಲ್ಲ? ನಾಡಿನ ಅರಸು ನೀನು, ಕಾಡಿನ ಮೃಗ ನಾನು, ನಮ್ಮೊಳಗೆ ಯಾವ ವ್ಯಾಜ್ಯ? ಒಂದೊಂದು ಪ್ರಶ್ನೆಗೂ ಜಗಲಿಯಿಂದ "ಹೌದು" ಅಂತ ಸ್ವರ. ಉಳಿದದ್ದು ಆರು ನಿಮಿಷ. ಈಗ ನಿಲ್ಲಿಸುತ್ತಾರೆ, ಈಗ ಪದ್ಯ ಬರುತ್ತದೆ ಅಂತ ನಾನು ಹೊಸ ಕ್ಯಾಸೆಟ್ಟಿನ ಪ್ಲಾಸ್ಟಿಕ್ಕು ಹಲ್ಲಿನಲ್ಲಿ ಕಚ್ಚಿ ತಯಾರು. ಭಾಗವತರು ಜಾಗಟೆ ಎತ್ತಿ ಒಮ್ಮೆ ನೋಡಿದರು. ವಾಲಿ ಕಣ್ಣಲ್ಲೇ ಬೇಡ ಅಂದ. ಬಿದ್ದವನಿಗೆ ಇಷ್ಟು ಉಸಿರು ಎಲ್ಲಿಂದ ಅಂತ ನನ್ನ ಪಕ್ಕದಲ್ಲಿದ್ದ ದೊಡ್ಡಪ್ಪ ಮೆಲ್ಲ ಹೇಳಿದ್ದು ಕೂಡ ಟೇಪಿನಲ್ಲಿ ಉಂಟು. ಕೊನೆಗೆ ವಾಲಿ ನಿಲ್ಲಿಸಿದ. ಇನ್ನು ಪದ್ಯ ಅಂದುಕೊಂಡೆ. ಪದ್ಯಕ್ಕೂ ಕಾಯದೆ ರಾಮ "ವಾಲೀ..." ಅಂತ ನಿಧಾನವಾಗಿ ಬಾಯಿ ತೆರೆದ. ಕ್ಯಾಮರಾ ಟಕ್ ಅಂತ ನಿಂತಿತು.

ನನ್ನಂಥ ಅಗ್ಗದ ಕ್ಯಾಮರಾಗಳಲ್ಲಿ ಟೇಪಿನ ಬಾಗಿಲು ಅಡಿಯಲ್ಲಿ. ಸ್ಟ್ಯಾಂಡಿನಲ್ಲಿ ಕೂರಿಸಿದ್ದರೆ ಬಾಗಿಲು ತೆರೆಯುವುದಿಲ್ಲ. ಸ್ಕ್ರೂ ತಿರುಗಿಸಿ ಕ್ಯಾಮರಾ ಬಿಡಿಸಬೇಕು, ಒತ್ತಬೇಕು, ಮೋಟಾರು ತನ್ನ ಪಾಡಿಗೆ ಗುಂಯ್ ಅಂತ ಹೊರಗೆ ಬರಬೇಕು, ಕ್ಯಾಸೆಟ್ ಬದಲಿಸಬೇಕು, ಒತ್ತು ಅಂತ ಬರೆದ ಜಾಗದಲ್ಲೇ ಒತ್ತಬೇಕು, ಅದು ಒಳಗೆ ಹೋಗಬೇಕು, ಆಮೇಲೆ ಹೊರಗಿನ ಬಾಗಿಲು. ಅವಸರ ಮಾಡಿದರೆ ಅದು ಇನ್ನೂ ನಿಧಾನ. ಮತ್ತೆ ಕೂರಿಸಿ, ನೇರ ಮಾಡಿ, ಕೆಂಪು ಗುಂಡಿ ಒತ್ತುವಾಗ ರಾಮ ತನ್ನ ಉತ್ತರದ ಮುಖ್ಯ ಭಾಗ ಮುಗಿಸಿ, ವಾಲಿಯ ತಲೆ ನೇವರಿಸುವಷ್ಟು ಮೆತ್ತಗಾಗಿದ್ದ. ಹಾಗಾಗಿ ನನ್ನ ಟೇಪಿನಲ್ಲಿ ವಾಲಿಯ ಪ್ರಶ್ನೆ ಪೂರ್ತಿ ಇದೆ, ರಾಮನ ಸಮರ್ಥನೆ ಇಲ್ಲ. ವಿಸಿಡಿ ನೋಡಿದ ಮೇಲೆ ರಾಮನ ಅರ್ಥ ಹೇಳಿದವರು ನನ್ನನ್ನು ದೇವಸ್ಥಾನದ ಹತ್ತಿರ ನಿಲ್ಲಿಸಿ, "ನಿನ್ನ ಕ್ಯಾಮರಾ ವಾಲಿಯ ಪಕ್ಷವಾ ಮಾರಾಯ?" ಅಂತ ಕೇಳಿದರು. ನಗುತ್ತಾ ಕೇಳಿದ್ದೇ. ಆದರೆ ಪೂರ್ತಿ ನಗೆಯೂ ಅಲ್ಲ.

ಒಂದೇ ಕ್ಯಾಮರಾದ ಟೇಪು

ಆ ಎಲ್‌ಪಿ ಈಗ ಬೇರೆ ಥರದಲ್ಲಿ ಕಾಡುತ್ತಿದೆ. ಟೇಪಿನ ಮೇಲೆ ಹೆಡ್ಡು ಓರೆ ಗೆರೆ ಎಳೆಯುತ್ತಾ ಹೋಗುತ್ತದೆ. ಒಂದು ಚಿತ್ರಕ್ಕೆ ಹನ್ನೆರಡು ಗೆರೆ, ಸೆಕೆಂಡಿಗೆ 300. ಮಾಮೂಲಿ ವೇಗದ ಎಸ್‌ಪಿಯಲ್ಲಿ ಒಂದು ಗೆರೆಯ ಅಗಲ 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ಎಲ್‌ಪಿಯಲ್ಲಿ ಟೇಪು ನಿಧಾನ ಓಡುತ್ತದೆ, ಗೆರೆಗಳು ಒತ್ತೊತ್ತಾಗಿ ಕೂರುತ್ತವೆ, 7 ಮೈಕ್ರಾನಿಗಿಂತಲೂ ಕಡಿಮೆ. ಒಂದು ಕ್ಯಾಮರಾದ ಹೆಡ್ಡು ಇನ್ನೊಂದರದಕ್ಕಿಂತ ಕೂದಲೆಳೆಯಷ್ಟೂ ಅಲ್ಲ, ಅದರ ಹತ್ತನೇ ಒಂದು ಪಾಲು ಆಚೀಚೆ ಇದ್ದರೂ ಸಾಕು, ಬೇರೆಯವರ ಎಲ್‌ಪಿ ಟೇಪು ಓದಲಿಕ್ಕೆ ಆಗುವುದಿಲ್ಲ. ಎಸ್‌ಪಿಯಲ್ಲಿ ತೆಗೆದದ್ದನ್ನು ಬೇರೆ ಕ್ಯಾಮರಾದಲ್ಲಿ ಹಾಕಿ ನೋಡಬಹುದು. ಕೂಟಗಳದ್ದು ಮಾತ್ರ ನನ್ನ ಕ್ಯಾಮರಾದ್ದೇ ಮಕ್ಕಳು. ಬೇರೆ ಯಾರ ಕೈಗೂ ಹೋಗುವುದಿಲ್ಲ.

ಇನ್ನು ಆ ಕ್ಯಾಮರಾದ ಆರೋಗ್ಯ ಕೇಳಬೇಡಿ. ತೆಗೆದು ಸವೆದದ್ದಕ್ಕಿಂತ ತೋರಿಸಿ ಸವೆದದ್ದು ಜಾಸ್ತಿ. ಒಂದು ಗಂಟೆ ತೆಗೆದದ್ದನ್ನು ಮನೆಯವರಿಗೆ ಒಮ್ಮೆ, ನೆಂಟರಿಗೆ ಒಮ್ಮೆ, ಕಂಪ್ಯೂಟರಿಗೆ ಒಮ್ಮೆ, ನಡುವೆ "ಆ ಜಾಗ ಇನ್ನೊಮ್ಮೆ ಹಾಕು" ಅಂತ ಹಿಂದೆ ಮುಂದೆ ಎಳೆದದ್ದು ಎಷ್ಟೋ. ಅಷ್ಟೂ ಹೊತ್ತು ಅದೇ ಹೆಡ್ಡು, ಅದೇ 9000 ಸುತ್ತು. ಹಳೆಯ ವಿಎಚ್‌ಎಸ್ ಆದರೆ ಹಾಳಾಗುವಾಗ ನಿಧಾನವಾಗಿ ಮಸುಕಾಗುತ್ತದೆ, ಗೆರೆ ಬೀಳುತ್ತದೆ, ಆದರೂ ಮನುಷ್ಯ ಮನುಷ್ಯನ ಹಾಗೆ ಕಾಣುತ್ತಾನೆ. ಇದು ಡಿಜಿಟಲ್. ಇದ್ದರೆ ಪೂರ್ತಿ ಇದೆ, ಇಲ್ಲವಾದರೆ ಚೌಕ ಚೌಕ, ಮತ್ತೆ ಸ್ವರವೇ ಇಲ್ಲ. ಸ್ವರ ಹೋಗುವುದೇ ನನಗೆ ಸಂಕಟ. ಚಿತ್ರದಲ್ಲಿ ಒಂದು ಚೌಕ ತಪ್ಪಿದರೆ ಯಂತ್ರ ಹಿಂದಿನ ಚಿತ್ರದ ಚೌಕವನ್ನು ತಂದು ಮುಚ್ಚಿಬಿಡುತ್ತದೆ. ಮಾತಿಗೆ ಹಾಗೆ ಮಾಡಲಿಕ್ಕೆ ಆಗುವುದಿಲ್ಲ, ಅದು ಸುಮ್ಮನಾಗುತ್ತದೆ. ಹೆಡ್ ಕ್ಲೀನಿಂಗ್ ಕ್ಯಾಸೆಟ್ ಹಾಕಿ ಹತ್ತು ಸೆಕೆಂಡು ಓಡಿಸಿದರೆ ಸ್ವಲ್ಪ ದಿನ ಸರಿ. ಆದರೆ ಅದೂ ಉಜ್ಜುವಂಥದ್ದೇ, ಪ್ರತಿ ಸಲವೂ ಹೆಡ್ಡಿನ ಆಯುಷ್ಯದಿಂದ ಒಂದು ಚೂರು ತೆಗೆಯುತ್ತದೆ.

ಅಮೆರಿಕದಲ್ಲಿರುವ ಅಳಿಯ ತನ್ನ ಹಳೆಯ ಮಿನಿ ಡಿವಿ ಕ್ಯಾಮರಾ ಕಳಿಸುತ್ತೇನೆ ಅಂದ. ಪ್ರೀತಿ ದೊಡ್ಡದು. ಆದರೆ ಅಲ್ಲಿಯದು ಎನ್‌ಟಿಎಸ್‌ಸಿ, ಸೆಕೆಂಡಿಗೆ 30ರ ಹತ್ತಿರ ಚಿತ್ರ, 480 ಗೆರೆ. ನಮ್ಮದು ದುಬೈಯದು, ಇಲ್ಲಿಯ ಹಾಗೆಯೇ ಪಾಲ್, 25 ಚಿತ್ರ, 576 ಗೆರೆ. ಅವನ ಕ್ಯಾಮರಾಕ್ಕೆ ನನ್ನ ಟೇಪು ಅರ್ಥ ಆಗುವುದಿಲ್ಲ. ಹೆಡ್ಡು ಬದಲಿಸಬಹುದಾ ಅಂತ ಒಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದೆ. ಕೌಂಟರಿನ ಹುಡುಗ ಕ್ಯಾಮರಾವನ್ನು ತಿರುಗಿಸಿ ತಿರುಗಿಸಿ ನೋಡಿ, ಮೆಮೊರಿ ಕಾರ್ಡ್ ಎಲ್ಲಿ ಹಾಕುವುದು ಅಂತ ನನ್ನನ್ನೇ ಕೇಳಿದ. ಅವನದೇನೂ ತಪ್ಪಲ್ಲ, ಅವನು ಹುಟ್ಟುವಾಗ ಈ ಟೇಪಿಗೆ ಹರೆಯ.

ಸ್ಟುಡಿಯೋದ ಮೂಲೆಯಲ್ಲಿ

ಕೊನೆಗೆ ದಾರಿ ಸಿಕ್ಕಿದ್ದು ಪೇಟೆಯ ಒಂದು ಹಳೆ ಸ್ಟುಡಿಯೋದಲ್ಲಿ. ಕ್ಯಾಮರಾದಲ್ಲಿ ಯುಎಸ್‌ಬಿ ಇದೆಯಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಬರುವುದು ಫೋಟೋ, ಹೆಚ್ಚೆಂದರೆ ಅಂಚೆಚೀಟಿಯಷ್ಟು ಚಿತ್ರ. ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆ ಬರಬೇಕಾದರೆ ಫೈರ್‌ವೈರ್ ಅನ್ನುವ ಬೇರೆ ಥರದ ವಯರು ಬೇಕು, ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಚುಚ್ಚುವ ತೂತೇ ಇಲ್ಲ. ಆ ಸ್ಟುಡಿಯೋದವನು ಮಾತ್ರ ವಿಂಡೋಸ್ ಎಕ್ಸ್‌ಪಿ ಇರುವ ಒಂದು ಹಳೆ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ತಾಗಿಸದೆ ಕಾಪಾಡಿಕೊಂಡು ಬಂದಿದ್ದಾನೆ. ಗಂಟೆಗೆ ಇಷ್ಟು ಅಂತ ದರ. ಗಂಟೆ ಅಂದರೆ ಗಂಟೆಯೇ, ಫೈಲ್ ಕಾಪಿಯ ಹಾಗೆ ಎರಡು ನಿಮಿಷದಲ್ಲಿ ಆಗುವುದಿಲ್ಲ. ಟೇಪು ಓಡಬೇಕು, ಓಡಿದಷ್ಟೇ ಬರುತ್ತದೆ. ನನ್ನ ಕ್ಯಾಮರಾವನ್ನೇ ತೆಗೆದುಕೊಂಡು ಹೋಗಿ, ಅದರ ಪಕ್ಕ ಕೂತು, ತೆಗೆಯುವಾಗ ಲೆನ್ಸಿನ ಹಿಂದೆ ನಿಂತು ಸರಿಯಾಗಿ ನೋಡದೇ ಇದ್ದದ್ದನ್ನೆಲ್ಲ ಈಗ ಪೂರ್ತಿ ನೋಡುತ್ತಿದ್ದೇನೆ.

ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ನಾನು ಝೂಮ್ ಮಾಡಿ ಹಿಡಿದದ್ದರಲ್ಲಿ ಹೆಚ್ಚಿನದು ಯಾರಿಗೂ ಬೇಡ. ಮಂಟಪದ ಅಲಂಕಾರ, ಶಿಲಾನ್ಯಾಸದ ಕಲ್ಲು, ಮುಖ್ಯ ಅತಿಥಿಗಳ ಹಾರ. ಒಳ್ಳೆಯದಿರುವುದು ಅಂಚಿನಲ್ಲಿ. ಶಾಲೆಯ ವಾರ್ಷಿಕೋತ್ಸವದ ಟೇಪಿನಲ್ಲಿ ವೇದಿಕೆಯ ಭಾಷಣ ಕನ್ನಡದಲ್ಲಿ, ಮೈಕಿನವನಿಗೆ ಬೈಯುವುದು ಮಲಯಾಳದಲ್ಲಿ, ಹಿಂದಿನ ಬೆಂಚಿನ ಹೆಂಗಸರ ಪಿಸುಮಾತು ತುಳುವಿನಲ್ಲಿ. ಒಂದೇ ನಿಮಿಷದ ಒಳಗೆ ಮೂರೂ. ಆ ಶಾಲೆಯಲ್ಲಿ ಕನ್ನಡ ತರಗತಿಗೆ ಮಕ್ಕಳನ್ನು ಹುಡುಕುವ ಕಾಲ ಇದು. ಟೇಪಿನಲ್ಲಾದರೋ ನಾಟಕದ ರಾಜನಿಗೆ ಸೈನಿಕರು ಜಾಸ್ತಿಯಾಗಿ ಇಬ್ಬರು ವೇದಿಕೆಯಿಂದ ಕೆಳಗೇ ನಿಂತಿದ್ದಾರೆ.

ವಾಲಿಯ ಟೇಪು ಹಾಕಿದ ದಿನ ಸ್ಟುಡಿಯೋದವನು ತನ್ನ ಕೆಲಸ ಬಿಟ್ಟು ಬಂದು ನಿಂತ. ಅವನು ನೀಲೇಶ್ವರದ ಕಡೆಯವನು, ಕೂಟ ಕಂಡವನಲ್ಲ. "ಇಯಾಳ್ ಎಂದಿನಾ ಇತ್ರ ಚೂಡಾವುನ್ನದ್?" ಅಂತ ಕೇಳಿದ. ಈ ಮನುಷ್ಯನಿಗೆ ಯಾಕೆ ಇಷ್ಟು ಬಿಸಿ? ವಾಲಿ ಅಂದೆ, ರಾಮ ಮರದ ಮರೆಯಿಂದ ಹೊಡೆದದ್ದಕ್ಕೆ ಅಂದೆ. "ಹೊಡೆದವ ಎಲ್ಲಿ?" ಎದುರಿನ ಕುರ್ಚಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, ರಾಮನಿಗೆ ಉತ್ತರ ಇಲ್ಲ ಅಂತ ಮುಖದಲ್ಲೇ ಗೊತ್ತಾಗುತ್ತದೆ ಅಂದ. ಉತ್ತರ ಇತ್ತು, ಭರ್ಜರಿ ಇತ್ತು, ನಾನು ಅಲ್ಲೇ ಇದ್ದೆ ಅಂತ ಎಷ್ಟು ಹೇಳಿದರೂ ಅವನಿಗೆ ನಂಬಿಕೆ ಇಲ್ಲ. ಸ್ವರ ಎರಡು ಕಡೆ ತುಂಡಾಯಿತು, ಉಳಿದದ್ದು ಬಂತು. "ವಾಲೀ..." ಅಂತ ರಾಮ ಬಾಯಿ ತೆರೆದದ್ದೂ ಬಂತು. ಮತ್ತೆ ನೀಲಿ ಪರದೆ. ಇವನು ಮೌಸ್ ಹಿಡಿದುಕೊಂಡು ನಗುತ್ತಿದ್ದಾನೆ.

ಆಗ ಆ ಕೊನೆಯ ಚಿತ್ರವನ್ನು ನಿಲ್ಲಿಸಿ ಇಟ್ಟಿದ್ದೆವು, ಸುಮ್ನೆ. ಕೆಳಗಿನ ಮೂಲೆಯಲ್ಲಿ, ರಾಮನ ಕುರ್ಚಿಯ ಕಾಲಿನ ಹತ್ತಿರ ಒಂದು ಸಣ್ಣ ಕೆಂಪು ದೀಪ. ದೊಡ್ಡದು ಮಾಡಿ ನೋಡಿದರೆ ಟೇಪ್ ರೆಕಾರ್ಡರು. ಆ ಕಾಲದ ಕೂಟಗಳಲ್ಲಿ ಅರ್ಥಧಾರಿಗಳ ಮುಂದೆ ಸಾಲಾಗಿ ಇಡುತ್ತಿದ್ದರಲ್ಲ, ಅಂಥದ್ದು. ಅದರ ಹಿಡಿಗೆ ಹಸಿರು ಬಟ್ಟೆ ಸುತ್ತಿದೆ. ಆ ಹಸಿರು ಬಟ್ಟೆ ಯಾರದ್ದು ಅಂತ ನನಗೆ ನೆನಪಿಲ್ಲ, ಅಮ್ಮನಿಗೆ ನೆನಪಿತ್ತು. ನೀರ್ಚಾಲಿನ ಆಚೆಯ ಒಂದು ಮನೆ, ದೂರದ ನೆಂಟಸ್ತಿಕೆಯೂ ಉಂಟು. ಫೋನ್ ಮಾಡಿದೆ. ಮನೆಯ ಯಜಮಾನರಿಗೆ ಕೂಟದ್ದೂ ನೆನಪಿತ್ತು, ಕ್ಯಾಮರಾವನ್ನು ಒಲೆಯ ಹತ್ತಿರ ಇಟ್ಟದ್ದೂ ನೆನಪಿತ್ತು. ಕ್ಯಾಸೆಟ್ಟುಗಳು ಅಟ್ಟದಲ್ಲಿ ಒಂದು ಡಬ್ಬದಲ್ಲಿ ಇವೆಯಂತೆ, ಹೆಸರು ಬರೆದದ್ದು ಕೆಲವು, ಬರೆಯದ್ದು ಜಾಸ್ತಿ.

"ಇದ್ರೂ ಎಂತ ಪ್ರಯೋಜನ ಮಾರಾಯ, ಹಾಕಿ ಕೇಳ್ಲಿಕ್ಕೆ ಮಿಶನ್ ಬೇಕಲ್ಲ. ನಮ್ಮದು ಬೆಲ್ಟು ತುಂಡಾಗಿ ಎಷ್ಟೋ ಕಾಲ ಆಯ್ತು" ಅಂದರು.

ನಮ್ಮ ಟೂ-ಇನ್-ಒನ್ ಇನ್ನೂ ಓಡುತ್ತದೆ ಅಂದೆ. ಡಬ್ಬ ಹಿಡಿದುಕೊಂಡು ಬಂದುಬಿಡಿ, ಮಧ್ಯಾಹ್ನದ ಊಟ ಇಲ್ಲೇ, ಎಲ್ಲ ಹಾಕಿ ಹುಡುಕುವ ಅಂದೆ. ಅಡಿಕೆಗೆ ಮದ್ದು ಬಿಡುವವರು ಬಂದು ಹೋಗಲಿ, ಆಮೇಲೆ ಬರುತ್ತೇನೆ ಅಂದಿದ್ದಾರೆ. ರಾಮನ ಅರ್ಥ ಹೇಳಿದವರಿಗೂ ತಿಳಿಸಿದ್ದೇನೆ. ಅವರಿಗೆ ಈಗ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಿಸಿಕೊಂಡು, "ಸಿಕ್ಕಿದ್ರೆ ಮೊದಲು ವಾಲಿಯವರ ಮನೆಗೆ ಕಳಿಸು" ಅಂದರು.